ಮಠದ ಇಟ್ಟಿಗೆಯ ರುಚಿ

ಈಜಿಪ್ಟಿಗೆ ಹೊರಟಾಗ ಒಬ್ಬೊಬ್ಬರೂ ಒಂದೊಂದು ತರಲು ಹೇಳಿದರು. ಚನ್ನರಾಯಪಟ್ಟಣದ ನನ್ನ ಶಾಲೆಯ ಮೇಡಮ್ಮುಗಳಿಗೆ ಪಿರಮಿಡ್ಡಿನ ಗೊಂಬೆ, ಅತ್ತಿಗೆಗೆ ಅತ್ತರು. ಅರಕಲಗೂಡಿನ ಹತ್ತಿರ ಊರಲ್ಲಿರುವ ಅಪ್ಪ ಕೇಳಿದ್ದೇ ಬೇರೆ. "ಮಣ್ಣಿನ ಗ್ವಾಡೆ ಕಂಡ್ರೆ ಏನ್ ಕಲ್ಸವ್ರೆ ನೋಡ್ಕಂಡ್ ಬಾ ಕಣವ್ವ. ಅಷ್ಟ್ ವರ್ಸ ಎಂಗ್ ನಿಂತೈತೆ ಅಂತ ತಿಳೀಬೇಕು."

ಕೇಳಲು ಕಾರಣವಿತ್ತು. ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ, ಮಣ್ಣಿನ ಇಟ್ಟಿಗೆಯ, ಹೆಂಚು ಹೊದಿಸಿದ ಎತ್ತರದ ಕಟ್ಟಡ. ನಾನು ಹುಟ್ಟಿದ ವರ್ಷ ಅಪ್ಪ ಕೈಯಾರೆ ಕಟ್ಟಿದ್ದು, ಮಣ್ಣು ತುಳಿದವಳು ಅವ್ವ. ಅವ್ವ ಈಗಿಲ್ಲ. ಕಳೆದ ಮಳೆಗಾಲದಲ್ಲಿ ಅದರ ಮೂಲೆ ಬಿರುಕು ಬಿಟ್ಟಿತು. ಕೆಡವಿ ಸಿಮೆಂಟ್ ಬ್ಲಾಕಿನದು ಕಟ್ಟೋಣ ಎಂದು ಅಣ್ಣ, ಕೆಡವುವುದಿದ್ದರೆ ನನ್ನ ಹೆಣ ಬಿದ್ದ ಮೇಲೆ ಎಂದು ಅಪ್ಪ. ಇಬ್ಬರೂ ಮಾತು ಬಿಟ್ಟರು. ಊಟಕ್ಕೆ ಬನ್ನಿ ಅನ್ನುವುದೂ ಅತ್ತಿಗೆಯ ಮೂಲಕವೇ.

ಅಲ್ಲಿನ ಅಸ್ವಾನ್ ಊರಿನಲ್ಲಿ ನಮ್ಮ ಪ್ರವಾಸದ ಗುಂಪು ಅತ್ತರಿನ ಅಂಗಡಿಗೆ ಹೋಯಿತು. ನಾನು ದೋಣಿಯಲ್ಲಿ ನೈಲ್ ದಾಟಿ, ಮರಳಿನ ದಿಣ್ಣೆ ಹತ್ತಿ, ಆ ನಾಡಿನ ಹಳೆಯ ಕ್ರೈಸ್ತರಾದ ಕಾಪ್ಟಿಕ್ ಸನ್ಯಾಸಿಗಳ ಪಾಳುಮಠಕ್ಕೆ ಹೋದೆ. ಸಮಾಜ ವಿಜ್ಞಾನದ ಟೀಚರು, ಕುತೂಹಲ ಅನ್ನುವುದು ನನಗೆ ಹುಟ್ಟುಗುಣ.

ಕೆಳಗೆ ಕಲ್ಲು, ಮೇಲೆ ಮಣ್ಣಿನ ಇಟ್ಟಿಗೆ. ಸಾಲು ಕೋಣೆಗಳು, ಪ್ರತಿ ಕೋಣೆಯಲ್ಲೂ ಮಲಗಲು ಇಟ್ಟಿಗೆಯ ಜಗಲಿ. ಒಲೆಗಳಿದ್ದ ಜಾಗದಲ್ಲಿ ಗೋಡೆ ಇನ್ನೂ ಕಪ್ಪಗಿತ್ತು. ನೀರಿಲ್ಲದ ಈ ಗುಡ್ಡದ ಮೇಲೆ ದಿನಾ ಹಿಟ್ಟು ಕಲಸುತ್ತಿದ್ದವರು ಯಾರು? ಕೊನೆಯವನು ಬಾಗಿಲು ಹಾಕಿಕೊಂಡು ಹೋದನೋ, ತೆರೆದೇ ಬಿಟ್ಟನೋ? ಎತ್ತರದ ಗೋಡೆ, ಮೇಲೆ ಸಣ್ಣ ಗವಾಕ್ಷಿ ನೋಡಿದಾಗ ನಮ್ಮ ಬ್ಯಾರನ್ನೇ ಕಣ್ಣ ಮುಂದೆ ಬಂತು.

ಅಪ್ಪ ಹೇಳಿದ್ದ ಕೆಲಸ ನೆನಪಾಯಿತು. ಇಟ್ಟಿಗೆಯಲ್ಲಿ ಕಡ್ಡಿ ಕಡ್ಡಿ ಹುಲ್ಲು ಕಾಣುತ್ತಿತ್ತು, ಮರಳೂ ಇತ್ತು. ಚೌಳು ಉಂಟೋ ಇಲ್ಲವೋ? ಉಪ್ಪು ಮಣ್ಣಿನ ಗೋಡೆ ಉದುರುತ್ತದೆಂದು ನಮ್ಮಲ್ಲಿ ಇಟ್ಟಿಗೆ ಹಾಕುವ ಮುಂಚೆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಹಿಂದೆ ಮುಂದೆ ಯೋಚಿಸದೆ ಬೆರಳಿಗೆ ಉಗುಳು ಹಚ್ಚಿ, ಗೋಡೆಗೆ ಉಜ್ಜಿ, ನೆಕ್ಕಿದೆ. ಉಪ್ಪಿರಲಿಲ್ಲ.

ಕಾವಲುಗಾರ ಕೂಗುತ್ತಾ ಓಡಿಬಂದ. ಬೈಸಿಕೊಳ್ಳುವುದು ಗ್ಯಾರಂಟಿ ಅಂದುಕೊಂಡೆ, ತಪ್ಪೂ ನನ್ನದೇ. ಆತ ನನ್ನ ಬಾಯಿ ನೋಡಿದ, ಗೋಡೆ ನೋಡಿದ, ಚೀಲ ಬಿಚ್ಚಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೈಗಿಟ್ಟ. ಹಸಿದು ಗೋಡೆ ತಿನ್ನುತ್ತಿದ್ದೇನೆಂದು ತಿಳಿದಿದ್ದ! ನಾಚಿಕೆಯಿಂದ ಸತ್ತೇ ಹೋದೆ, ರೊಟ್ಟಿ ಮಾತ್ರ ತಿಂದೆ.

ತಿನ್ನುತ್ತಾ, ಬೆರಳುಗಳನ್ನು ಮೇಲಿಂದ ಕೆಳಕ್ಕೆ ಇಳಿಸಿ ಇಲ್ಲಿ ಮಳೆ ಬರುತ್ತದೆಯೇ ಎಂದು ಕೇಳಿದೆ. ಆತ ನಕ್ಕ. "ಡಾಟರ್" ಎಂದು ಮೊಣಕಾಲ ಹತ್ತಿರ ಕೈ ಹಿಡಿದು ಹನಿ ಉದುರಿಸಿ ತೋರಿಸಿದ. ಆಮೇಲೆ ಕೈಯನ್ನು ಭುಜದವರೆಗೆ ಏರಿಸಿ, "ನೋ" ಎಂದು ಅಡ್ಡಡ್ಡ ತಲೆಯಾಡಿಸಿದ. ಮಗಳು ಅಷ್ಟಿದ್ದಾಗ ಬಂದ ಮಳೆ, ಇಷ್ಟಾದರೂ ಮತ್ತೆ ಬಂದಿಲ್ಲ.

ನನಗೆ ದುಃಖವಾಯಿತು. ಆ ಗೋಡೆಯನ್ನು ಕಾಯ್ದದ್ದು ಹುಲ್ಲಲ್ಲ, ಮರಳಲ್ಲ, ಮಳೆ ಇಲ್ಲದ್ದೇ. ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ಹುಲ್ಲು, ಮರಳು ಅಷ್ಟನ್ನೇ ಹೇಳಿ, ಮಳೆಯ ಸುದ್ದಿ ನುಂಗಿಬಿಡೋಣ ಎಂದು ತೀರ್ಮಾನಿಸಿದೆ.

ಊರಿಗೆ ಬಂದ ದಿನ ಅಪ್ಪ ಬ್ಯಾರನ್ನಿನ ಮುಂದೆಯೇ ಕೂತು ಮೊಬೈಲಿನಲ್ಲಿ ಫೋಟೊ ನೋಡಿದರು. ಹುಲ್ಲಿನ ಕಡ್ಡಿಗಳನ್ನು ದೊಡ್ಡದು ಮಾಡಿಸಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮಳೆ ಎಷ್ಟ್ ಉಯ್ತದೆ ಅಲ್ಲಿ?"

ಬೇಸಾಯಗಾರನಿಗೆ ಸುಳ್ಳು ಹೇಳಲು ಹೊರಟಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. "ಇಲ್ವೇ ಇಲ್ಲ ಕಣಪ್ಪ," ಎಂದೆ.

ಅಪ್ಪ ಮೊಬೈಲನ್ನು ನನ್ನ ಕೈಗಿಟ್ಟರು. ಎದ್ದು ಹೋಗಿ ಬಿರುಕಿನ ಮೇಲೆ ಅಂಗೈ ಇಟ್ಟರು. "ಅಂಗಾರೆ ನಿಮ್ಮವ್ವ ತುಳ್ದ ಮಣ್ಣೇ ಗಟ್ಟಿ ಕಣವ್ವ. ಇಷ್ಟ್ ಮಳೆಗಾಲ ತಡ್ಕಂಡೈತೆ. ಇನ್ ಸಾಕು ಬುಡು."

ಆಮೇಲೆ ಹಿತ್ತಲ ಜಗಲಿಯಲ್ಲಿ ನಿಂತಿದ್ದ ಅಣ್ಣನ ಕಡೆ ತಿರುಗಿ, ತಿಂಗಳುಗಳ ಮೇಲೆ ಮೊದಲ ಸಲ ಅವನನ್ನು ನೇರವಾಗಿ ಕರೆದರು. "ಲೇ, ಏಣಿ ತತ್ತಾ, ಮ್ಯಾಲಿನ ಎಂಚ ಇಳ್ಸಾನ, ಕೆಡವ್ಬುಡಾನ. ಮಣ್ಣ ಮಾತ್ರ ಆಚೆಗೆ ಚೆಲ್ಬ್ಯಾಡ ಕಣ್ಲಾ, ನಮ್ಮ್ ಒಲುಕ್ಕೇ ಆಕು."

ಅಷ್ಟು ದಿನ ಕೆಡವೋಣ ಎಂದು ಹಟ ಹಿಡಿದಿದ್ದ ಅಣ್ಣ, ಏಣಿ ತರಲು ಹೋಗದೆ ಅಲ್ಲೇ ನಿಂತುಬಿಟ್ಟ.