ಇಸ್ತ್ರಿಯ ಕಾವು

ಬೀದಿಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಇಸ್ತ್ರಿ ಅಂಗಡಿಯ ಸೊಸೆ, ವಯಸ್ಸು ಇಪ್ಪತ್ತಾರು. ಬಾಯಿ ಮಾತ್ರ ಅರವತ್ತರದು. ಅಂಗಿಯ ಕಾಲರು ನೋಡಿಯೇ ಗಿರಾಕಿಯ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಹೇಳುತ್ತಿದ್ದಳು, ಅರ್ಧ ಸುಳ್ಳು, ಅರ್ಧ ಹುಡುಗಾಟ. ಅಂಥವಳು ಈಗೀಗ ಇಸ್ತ್ರಿ ಪೆಟ್ಟಿಗೆ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು.

ಮುಟ್ಟಿನ ದಿನಗಳಲ್ಲದಿದ್ದಾಗಲೂ ರಕ್ತ ಕಾಣುತ್ತಿತ್ತು. ಗಂಡನ ಜೊತೆ ಮಲಗಿದ ಮರುದಿನವಂತೂ ತಪ್ಪುತ್ತಲೇ ಇರಲಿಲ್ಲ. ಅತ್ತೆಗೆ ಹೇಳಿದರೆ, ಅದು ಇಸ್ತ್ರಿಯ ಕಾವು, ದಿನವಿಡೀ ಕೆಂಡದ ಪಕ್ಕ ನಿಂತರೆ ಹೊಟ್ಟೆ ಕಾಯದೆ ಇರುತ್ತದೆಯೇ, ನೀರು ಕುಡಿ ಎಂದಳು. ಆ ಬೀದಿಯ ಇಸ್ತ್ರಿ ಹೆಂಗಸರಿಗೆಲ್ಲ ಅದೊಂದೇ ಮಂತ್ರ: ತಲೆ ನೋವಾದರೂ ಕಾವು, ಮಕ್ಕಳಾಗದಿದ್ದರೂ ಕಾವು. ಪಟಾಕಿ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡಿದಳು, ಬಿಂದಿಗೆಗಟ್ಟಲೆ ನೀರು ಕುಡಿದಳು. ಹಾಳಾದ್ದು ನಿಲ್ಲಲಿಲ್ಲ.

ಕೊನೆಗೆ, ಸಮವಸ್ತ್ರ ಇಸ್ತ್ರಿಗೆ ಕೊಡಲು ಬಂದ ನರ್ಸಮ್ಮನ ಹತ್ತಿರ, ಯಾರೋ ಗೆಳತಿಯ ಕಥೆ ಎನ್ನುವ ಹಾಗೆ ಕೇಳಿದಳು. ನರ್ಸಮ್ಮ ಅವಳ ಸೊಂಟದ ಒದ್ದೆ ಬಟ್ಟೆಯನ್ನೇ ನೋಡಿದರು.

"ನಿನ್ ಗೆಳತೀನ ನಾಳೇನೇ ಆಸ್ಪತ್ರೆಗೆ ಕರ್ಕೊಂಡು ಬಾ," ಎಂದರು. "ಗರ್ಭಕೋಶದ ಬಾಯಿ ಪರೀಕ್ಷೆ ಮಾಡ್ಬೇಕು. ಸಣ್ಣ ವಯಸ್ಸು ಅಂತ ಕ್ಯಾನ್ಸರ್ ಯಾರನ್ನೂ ಬಿಡಲ್ಲ."

ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ; ಫಲಿತಾಂಶ ಬರುವವರೆಗಿನ ದಿನಗಳೇ ಜೀವ ಹಿಂಡಿದವು. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಯಾರದೋ ಹೊಸ ಅಂಗಿ ಸುಟ್ಟಳು. ತಾನು ಸತ್ತರೆ ಗಂಡ ಇನ್ನೊಂದು ಮದುವೆಯಾಗುತ್ತಾನೆ ಎಂದು ತಾನೇ ತೀರ್ಮಾನಿಸಿ, ಅವನ ಊಟಕ್ಕೆ ಬೇಕೆಂದೇ ಉಪ್ಪು ಸುರಿದಳು. ಸಾಯಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜೀವಕೋಶಗಳಿವೆ, ಚಿಕ್ಕ ಚಿಕಿತ್ಸೆಯಲ್ಲಿ ತೆಗೆಯಬಹುದು, ಆಮೇಲೂ ಆಗಾಗ ತೋರಿಸುತ್ತಿರಬೇಕು ಎಂದರು ಡಾಕ್ಟರು. ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಸಿಟ್ಟೂ ಬಂತು. ದಾರಿಯುದ್ದಕ್ಕೂ ಮಾತು ಮಸೆಯುತ್ತಾ ಬಂದವಳು ಅಂಗಡಿಗೆ ಕಾಲಿಟ್ಟಿದ್ದೇ ತಡ, ಕಾವಂತೆ ಕಾವು, ನಿಮ್ಮ ಮಾತು ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಅತ್ತೆಯ ಮೇಲೆ ಹರಿಹಾಯ್ದಳು.

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ನೆಲ ನೋಡುತ್ತಾ ನಿಂತಳು.

"ನಂಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು," ಎಂದಳು. "ಹೋದ ವರ್ಷದಿಂದ ಮತ್ತೆ ಕಾಣಿಸ್ತಿದೆ. ನಾನೂ ನೀರು ಕುಡೀತಾನೇ ಇದೀನಿ ಕಣೇ."

ಈಗಷ್ಟೇ ಹೋಗಿದ್ದ ಭಯ ಪಟಾಕಿಗೆ ತಿರುಗಿ ಬಂತು. ಅಂಗಡಿಯ ಬಾಗಿಲೆಳೆದು, ಅತ್ತೆಯ ಕೈ ಹಿಡಿದುಕೊಂಡು ಬಂದ ದಾರಿಯಲ್ಲೇ ಆಸ್ಪತ್ರೆಗೆ ಹೊರಟಳು.