ಚಂದ್ರವ್ವನಿಗೊಂದು ಲೆನ್ಸು

ಬಸವಂತಪ್ಪನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನ ಸಿಟ್ಟಂತೂ ಇಳಿಯುವ ಲಕ್ಷಣವೇ ಇಲ್ಲ. ಗಾಜಿನ ವಿಷಯವನ್ನು ಅರೆದು ಕುಡಿದಿದ್ದೇವೆ ಎಂಬ ಜಂಬದಲ್ಲಿ ನಾವಿಬ್ಬರೂ ಸೇರಿ ಒಬ್ಬ ಹೆಂಗಸಿನ ಒಂದೇ ಒಂದು ಆಸೆಯನ್ನು ಹನ್ನೊಂದು ತಿಂಗಳು ಮುಂದೆ ತಳ್ಳಿದೆವು. ಹೊಗಳಿ ಬರೆಯಲು ನನಗೆ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನನ್ನು ಎಲ್ಲರೂ ಕಿಟ್ಟು ಎನ್ನುತ್ತಾರೆ. ಮೈಸೂರಿನ ಕಡೆಯವನು, ವಿಮಾ ಕಂಪನಿಯಲ್ಲಿ ಮೂವತ್ನಾಲ್ಕು ವರ್ಷ ಫೈಲು ಹೊತ್ತು ಈಗ ವಡಾಲದ ಕಾಲೊನಿಯಲ್ಲಿ ಕೂತಿದ್ದೇನೆ. ನಿವೃತ್ತಿಯಾದ ವರ್ಷ ದೊಡ್ಡ ಮರದ ಕ್ಯಾಮೆರಾದ ಹುಚ್ಚು ಹತ್ತಿತು. ಮುಂದೆ ಲೆನ್ಸು, ನಡುವೆ ಮಡಿಕೆ ಮಡಿಕೆಯ ಚರ್ಮದ ತಿದಿ, ಹಿಂದೆ ಮಬ್ಬು ಗಾಜು. ಕರಿ ಬಟ್ಟೆ ಹೊದ್ದು ಆ ಗಾಜಿನಲ್ಲಿ ತಲೆಕೆಳಗಾದ ಜಗತ್ತನ್ನು ನೋಡಿ, ನೋಟ್‌ಬುಕ್ಕಿನ ಅಗಲದ ಫಿಲ್ಮಿನ ಹಾಳೆ ಹಾಕಿ ಚಿತ್ರ ತೆಗೆಯಬೇಕು. ಕ್ಯಾಮೆರಾ ಹೇಗೋ ಸಿಕ್ಕಿತು. ಅದಕ್ಕೆ ಒಪ್ಪುವ ಹಳೆಯ ಲೆನ್ಸು ಹುಡುಕುವಾಗ ತಲೆ ಚಿಟ್ಟು ಹಿಡಿಯಿತು. ಬೈಕುಲ್ಲಾದಲ್ಲಿ ಒಬ್ಬ ಕನ್ನಡದವನಿದ್ದಾನೆ ಹೋಗಿ ನೋಡಿ ಎಂದು ಯಾರೋ ಹೇಳಿದರು.

ಲೇಥ್ ವರ್ಕ್‌ಶಾಪೊಂದರ ಅಟ್ಟದ ಮೇಲೆ ಒಂದು ಮೇಜು, ಒಂದು ಕಿಟಕಿ, ಒಂದು ಟ್ಯೂಬ್‌ಲೈಟು. ಅಷ್ಟೇ ಬಸವಂತಪ್ಪನ ಅಂಗಡಿ. ನಾನು ಹೆಮ್ಮೆಯಿಂದ ಕೊಂಡೊಯ್ದಿದ್ದ ಜರ್ಮನ್ ಲೆನ್ಸನ್ನು ಆತ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದ. ಗಾಜಿನೊಳಗೆ ಪುಟ್ಟ ಪುಟ್ಟ ಟ್ಯೂಬ್‌ಲೈಟುಗಳು ಕಂಡವು. ಅವನ್ನು ಎಣಿಸಿಯೇ ಒಳಗೆ ಎಷ್ಟು ಗಾಜಿದೆ, ಯಾವುದನ್ನು ಯಾವುದಕ್ಕೆ ಅಂಟಿಸಿದ್ದಾರೆ ಎಂದು ಹೇಳಿದ. ಆಮೇಲೆ ಬಾಯಿಯಿಂದ ಹಬೆಯೂದಿ ಗೀರು ನೋಡಿದ.

"ಏನ್ ತೆಗ್ಯಾವ್ರು ನೀವು? ಮಾರೀನೋ, ಗ್ವಾಡೀನೋ?"

"ಅಂದ್ರೆ?"

"ಗ್ವಾಡಿ ತೆಗ್ಯಾವ್ರಿದ್ರ ಇದು ಛಲೋ ಐತಿ. ಇಟ್ಟಂಗಿ ಇಟ್ಟಂಗಿ ಎಣಿಸಬಹುದು. ಮನಷ್ಯಾರ ಮಾರಿಗೆ ಹಚ್ಚಬ್ಯಾಡ್ರಿ. ಚರ್ಮದ ತೂತು ಕಾಣತಾವು, ಮನಷ್ಯಾ ಕಾಣಂಗಿಲ್ಲ."

ಅಂಚಿನಲ್ಲಿ ಬಣ್ಣ ಬಣ್ಣದ ಒಂದು ಗೆರೆಯಿತ್ತು. ಎರಡು ಗಾಜು ಅಂಟಿಸಿದ ಹಳೆಯ ರಾಳ ಬಿಟ್ಟುಕೊಂಡ ಗುರುತು. ನಾನು ಗಾಬರಿಯಾದೆ. ಆತ ನಕ್ಕು, "ಅಂಚಿನ ಕಾಮನಬಿಲ್ಲು ಫೋಟೋದಾಗ ಬರಂಗಿಲ್ರಿ. ಸುಮ್ನ ತೆಗೀರಿ," ಎಂದ. ಅಂದಿನಿಂದ ವಾರಕ್ಕೆ ಎರಡು ಸಲವಾದರೂ ಆ ಅಟ್ಟ ಹತ್ತುತ್ತಿದ್ದೆ.

ಬಸವಂತಪ್ಪ ವಿಜಯಪುರದ ಕಡೆಯವ. ಹತ್ತೊಂಬತ್ತನೆಯ ವಯಸ್ಸಿಗೆ ಬಂದು ಬೈಕುಲ್ಲಾದ ಒಂದು ಸ್ಟುಡಿಯೋದಲ್ಲಿ ದೊಡ್ಡ ಕ್ಯಾಮೆರಾದ ಹಿಂದೆ ನಿಂತ. ಗಿರಣಿಯ ಕೆಲಸಗಾರರು, ಹೊಸ ಮದುಮಕ್ಕಳು, ಊರಿಗೆ ಕಳಿಸಲು ಕೋಟು ಬಾಡಿಗೆಗೆ ಪಡೆದು ನಿಂತವರು, ಎಲ್ಲರನ್ನೂ ತೆಗೆದ. ಸ್ಟುಡಿಯೋ ಮುಚ್ಚಿದಾಗ ಮಾಲೀಕ ಆ ಕ್ಯಾಮೆರಾವನ್ನು ಇವನಿಗೇ ಕೊಟ್ಟ. ಮುಂದೆ ಲೆನ್ಸು ರಿಪೇರಿ, ಲೆನ್ಸು ಆರಿಸಿ ಕೊಡುವುದೇ ಕಸುಬಾಯಿತು. ಫಿಲ್ಮಿನ ಹೊಸ ಹುಚ್ಚಿಗೆ ಬಿದ್ದ ಕಾಲೇಜು ಹುಡುಗಿಯರಿಂದ ಹಿಡಿದು ಬಾಂದ್ರಾದ ಸಂಗ್ರಾಹಕರವರೆಗೆ ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು. ಮಾತು ಕಡಿಮೆ, ಹಟ ಜಾಸ್ತಿ.

ಹೆಂಡತಿ ಚಂದ್ರವ್ವ ಇದಕ್ಕೆ ಪೂರ್ತಿ ಉಲ್ಟಾ. ಅವರ ಮನೆ ಹತ್ತಿರದ ಚಾಳಿನ ಮೂರನೆಯ ಮಹಡಿಯಲ್ಲಿ. ಊಟದ ಹೊತ್ತಿಗೆ ಹೋದರೆ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ, ನನ್ನ ಮೈಸೂರು ಕನ್ನಡವನ್ನು ಅಣಕಿಸದೆಯೂ ಕಳಿಸುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಬರಬರುತ್ತ ಎರಡೂ ಕೈ, ಆಮೇಲೆ ಗದ್ದ. ನಡುಕದ ಕಾಯಿಲೆ, ವಾಸಿಯಾಗುವುದಲ್ಲ ಎಂದರು ಡಾಕ್ಟರು.

ಒಂದು ದಿನ ರೊಟ್ಟಿ ಬಡಿಸುತ್ತಿದ್ದ ಮಗಳು ಮಾಧುರಿಯ ಎದುರಿಗೇ, ನನ್ನ ಎದುರಿಗೇ, ಚಂದ್ರವ್ವ ಗಂಡನಿಗೆ ಹೇಳಿದಳು: "ಊರ ಮಂದೀನೆಲ್ಲಾ ತೆಗದ್ರಿ. ನನ್ನ ಮುಂದ ಒಮ್ಮಿಯಾದ್ರೂ ಆ ಕರಿ ಬಟ್ಟಿ ಹೊದ್ದೀರೇನು?"

"ಆಯಿ, ಮೊಬೈಲ್‌ದಾಗ ಕಿತೀ ಫೋಟೋ ಐತಿ," ಎಂದಳು ಮಾಧುರಿ. ಅವಳ ಕನ್ನಡ ಅರ್ಧ ದಾರಿಯಲ್ಲೇ ಮರಾಠಿಗೆ ಹೊರಳುತ್ತದೆ.

"ಅವು ನಿನ್ನ ಫೋಟೋ. ಇವ್ರು ತೆಗೆದದ್ದು ಬೇಕು ನನಗ. ನಾ ಹೋದ ಮ್ಯಾಲೆ ಗ್ವಾಡಿಗೆ ಹಾಕಾಕಲ್ಲ. ನಾ ಇರೂತನಾ ನೋಡಾಕ. ನಾ ನೋಡಿ ಹೂಂ ಅನ್ನಬೇಕು."

ಅಷ್ಟೇ ಅವಳು ಕೇಳಿದ್ದು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಕಸುಬನ್ನು ತನಗಾಗಿ ಅವಳು ಕೇಳಿದ್ದು ಅದೊಂದೇ ಸಲ ಎಂದು ಆಮೇಲೆ ಮಾಧುರಿ ಹೇಳಿದಳು.

ಎಕ್ಸ್‌ರೇ ಸೆಂಟರಿನಲ್ಲಿ ಕೆಲಸ ಮಾಡುವ ಮಾಧುರಿ ಅಲ್ಲಿ ಬೇಡವಾದ ಎಕ್ಸ್‌ರೇ ಫಿಲ್ಮಿನ ಡಬ್ಬಿಗಳನ್ನು ಕೇಳಿ ತಂದಳು. ಆ ಫಿಲ್ಮಿಗೆ ಬೆಳಕು ಬಹಳ ಬೇಕು. ಕುಳಿತವರು ಎರಡು ಮೂರು ಸೆಕೆಂಡು ಅಲುಗಾಡದೆ ಇರಬೇಕು. ಚಂದ್ರವ್ವನಿಗೆ ಒಂದು ಕ್ಷಣ ಅಲುಗಾಡದೆ ಇರುವುದೂ ಆಗದು. ಫ್ಲ್ಯಾಶ್ ಹಾಕಿ ನೋಡಿದರು. ಅದು ಮಿಂಚಿದ ಕೂಡಲೇ ಅವಳು ಬೆಚ್ಚಿ ಮೈಯೆಲ್ಲ ಕುಣಿದುಹೋಯಿತು. ಹಾಗಾಗಿ ಉಳಿದದ್ದು ಒಂದೇ ದಾರಿ. ಬೆಳಗಿನ ಗುಳಿಗೆ ನುಂಗಿದ ಮೇಲೆ ಹತ್ತು ಗಂಟೆಯ ಸುಮಾರಿಗೆ ನಲವತ್ತು ನಿಮಿಷ ಅವಳ ನಡುಕ ತಗ್ಗುತ್ತಿತ್ತು. ಅದೇ ಹೊತ್ತಿಗೆ ಮನೆ ಮುಂದಿನ ಗ್ಯಾಲರಿಗೆ ಒಳ್ಳೆಯ ಬೆಳಕೂ ಬರುತ್ತಿತ್ತು.

ಆ ನಲವತ್ತು ನಿಮಿಷಗಳನ್ನು ಈ ಮಹರಾಯ ಏನು ಮಾಡಿದ? ಲೆನ್ಸು ಆರಿಸಿದ. ಮೊದಲನೆಯದು ಹಾಕಿ ಕರಿ ಬಟ್ಟೆಯೊಳಗೆ ಹೊಕ್ಕು, ಮೂಗು ದಪ್ಪ ಕಾಣತೈತಿ ಎಂದು ಬಿಚ್ಚಿದ. ಎರಡನೆಯದರ ಬೆಳಕು ಹಾಳೆಯ ಮೂಲೆಯವರೆಗೆ ತಲುಪುವುದಿಲ್ಲ. ಮೂರನೆಯದು ತೀರಾ ಕಟು, ಬಡವಿಯ ಸುಕ್ಕನ್ನೆಲ್ಲ ಎಣಿಸುತ್ತದೆ. ನಾಲ್ಕನೆಯದನ್ನು ಹಾಕಿ ಸರಿ ಎನ್ನುವಷ್ಟರಲ್ಲಿ ಗುಳಿಗೆಯ ಹೊತ್ತು ತೀರಿ ಅವಳ ಗದ್ದ ಅದುರತೊಡಗುತ್ತಿತ್ತು. ಇರಲಿ, ಮುಂದಿನ ಆದಿತ್ಯವಾರ. ಇಂಥ ಆದಿತ್ಯವಾರಗಳು ಎಷ್ಟು ಹೋದವೋ! ಇಳಕಲ್ ಸೀರೆಯುಟ್ಟು, ಮಾಧುರಿಯಿಂದ ಕುಂಕುಮ ಹಚ್ಚಿಸಿಕೊಂಡು ಅವಳು ಪ್ರತಿ ಸಲ ಬಂದು ಕೂರುತ್ತಿದ್ದಳು.

"ಹೆಣ್ಣು ನೋಡಾಕ ಬಂದಾಗೂ ಇಷ್ಟೊತ್ತು ನೋಡಿರಲಿಲ್ಲ ಬಿಡ್ರಿ ಕಿಟ್ಟು ಸರ್," ಎಂದು ನಗುತ್ತಿದ್ದಳು.

ನಾನೇನು ಬಾಯಿಗೆ ಬೀಗ ಹಾಕಿಕೊಂಡು ಕೂತಿರಲಿಲ್ಲ. ಇದು ಬೇಡ ಅದು ಹಾಕು ಎಂದು ಉಪದೇಶ ಮಾಡುತ್ತಿದ್ದೆ. ಮನೆಯಿಂದ ನನ್ನ ಲೆನ್ಸುಗಳನ್ನೂ ಹೊತ್ತು ತರುತ್ತಿದ್ದೆ.

ಆರನೆಯ ತಿಂಗಳಿಗೋ ಏಳನೆಯ ತಿಂಗಳಿಗೋ ಒಂದು ಚಿತ್ರ ಬಂತು. ತೊಳೆದು ಒಣಗಿಸಿದ ಫಿಲ್ಮನ್ನು ಮಾಧುರಿ ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಕಪ್ಪು ಬಿಳಿ ಅದಲುಬದಲು ಮಾಡಿ ತಾಯಿಗೆ ತೋರಿಸಿದಳು. ಬರೀ ನೋಡಲಿಕ್ಕೆ. ಸೇವ್ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಫಿಲ್ಮೇ ಕೈಯಲ್ಲಿತ್ತಲ್ಲ. ಕಣ್ಣು, ಹಣೆ ಚೆನ್ನಾಗಿಯೇ ಬಂದಿದ್ದವು. ಗದ್ದದ ಹತ್ತಿರ ಸ್ವಲ್ಪ ಮಸುಕು. ಮಡಿಲಲ್ಲಿದ್ದ ಕೈಗಳು ಮಾತ್ರ ಪೂರ್ತಿ ಕಲಸಿಹೋಗಿದ್ದವು. ನಗು ಬರುವ ಮುಂಚಿನ ಅವಳ ಮುಖ ಅಲ್ಲಿತ್ತು.

ಚಂದ್ರವ್ವ ಬಹಳ ಹೊತ್ತು ನೋಡಿದಳು. "ಹೂಂ. ನಾನೇ ಇದ್ದೀನಿ. ಇದನ್ನ ದೊಡ್ಡದು ಮಾಡ್ರಿ," ಎಂದಳು.

ಬಸವಂತಪ್ಪ ಹೆಂಡತಿಯ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿದ. "ನೀವೇನಂತೀರಿ ಸರ್?"

ಆಗ ನಾನು ಹೇಳಿದ್ದು ಇದು: "ಕೈ ಪೂರ್ತಿ ಶೇಕ್ ಆಗಿದೆಯಲ್ರೀ. ನಿಮ್ಮ ಹೆಸರಿಗೆ ಇದು ಸಾಲದು. ಇನ್ನೊಂದು ತೆಗೀರಿ."

ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಕಚ್ಚಿಕೊಳ್ಳಲಿಲ್ಲ. ಅವಳು ಹೂಂ ಎಂದಾಗಿತ್ತು, ಕೆಲಸ ಮುಗಿದಿತ್ತು. ನಡುವೆ ನನ್ನ ಅಭಿಪ್ರಾಯ ಯಾರಿಗೆ ಬೇಕಿತ್ತು? ಚಂದ್ರವ್ವ ನನ್ನನ್ನೊಮ್ಮೆ ನೋಡಿ, "ಅಲುಗತಾವು ಅಂದ್ರ ಅವು ನನ್ನ ಕೈನ ಅಲ್ಲೇನ್ರಿ ಸರ್?" ಎಂದಳು. ಎದ್ದು ಒಳಗೆ ಹೋದಳು.

ಎರಡು ವಾರ ಆ ಪ್ರಶ್ನೆ ಚುಚ್ಚಿತು. ತಡೆಯಲಾರದೆ ಅಟ್ಟಕ್ಕೆ ಹೋಗಿ, ಆ ಫಿಲ್ಮು ಕೊಡಿ, ನಾನೇ ದೊಡ್ಡದು ಮಾಡಿಸುತ್ತೇನೆ ಎಂದೆ. ಬಸವಂತಪ್ಪ ಲೆನ್ಸಿನ ಪೆಟ್ಟಿಗೆ ತೆರೆದು ತೋರಿಸಿದ. ಕೆಟ್ಟ ಫಿಲ್ಮುಗಳನ್ನು ಬ್ಲೀಚಿನಲ್ಲಿ ನೆನೆಸಿ ಚಿತ್ರವನ್ನೆಲ್ಲ ಕಿತ್ತು, ಬರಿದಾದ ಹಾಳೆಗಳನ್ನು ಲೆನ್ಸುಗಳ ನಡುವೆ ಹಾಸುವುದು ಸ್ಟುಡಿಯೋ ಕಾಲದಿಂದ ಬಂದ ಅವನ ರೂಢಿ. ಅವಳದನ್ನೂ ಹಾಗೇ ಮಾಡಿದ್ದ.

"ನಿಮಗೆ ಬುದ್ಧಿ ಇದೆಯೇನ್ರೀ? ಅವರು ಒಪ್ಪಿದ್ದರಲ್ಲ!"

"ನೀವ ಅಲ್ಲೇನ್ರಿ ಶೇಕ್ ಆಗೈತಿ ಅಂದವ್ರು?"

ಅವನು ಜಗಳಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ. ನಾನು ಮೆಟ್ಟಿಲಿಳಿದು ಬಂದೆ.

ಆಮೇಲೆ ಅವನಿಗೆ ಒಂದೇ ಧ್ಯಾನ. ಬೆಳಕನ್ನು ಧಾರಾಳವಾಗಿ ಒಳಬಿಡುವ ಹಿತ್ತಾಳೆಯ ಹಳೇ ಪೋರ್ಟ್ರೇಟ್ ಲೆನ್ಸು ಬೇಕು. ಅದಾದರೆ ಲೆನ್ಸಿನ ಟೋಪಿ ತೆಗೆದು ಹಾಕುವಷ್ಟರಲ್ಲಿ ಚಿತ್ರ ಬಿದ್ದಿರುತ್ತದೆ, ನಡುಕಕ್ಕೆ ಸಮಯವೇ ಸಿಗುವುದಿಲ್ಲ. ಅಂಚುಗಳು ಕರಗಿದಂತೆ ಬರುತ್ತವೆ, ಮುಖ ಮಾತ್ರ ಸ್ಪಷ್ಟ. "ಮಾರಿ ಒಂದು ಸಿಕ್ರ ಸಾಕ್ರಿ, ಕೈ-ಗೀ ಏನೂ ಬ್ಯಾಡ," ಎಂದ. ಆ ಮಾತು ಅವನ ಬಾಯಿಂದ ಬರಲು ಹತ್ತು ತಿಂಗಳು ಹಿಡಿಯಿತು. ಕೊನೆಗೆ ಗ್ರಾಂಟ್ ರೋಡಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಮುರಿದ ಗ್ರಾಮಫೋನುಗಳ ನಡುವೆ ಅದು ಸಿಕ್ಕಿತು. ಅಂದು ಅವನು ನನಗೆ ಫೋನಿನಲ್ಲಿ ಹುಡುಗನ ಹಾಗೆ ಕೂಗಾಡಿದ.

ನಾನು ಓಡಿದೆ. ಲೆನ್ಸು ಚೆನ್ನಾಗಿಯೇ ಇತ್ತು. ಮುಂದಿನ ಗಾಜಿನ ಅಂಚಿನಲ್ಲಿ ಮಾತ್ರ ಸಣ್ಣದೊಂದು ಕಾಮನಬಿಲ್ಲು.

"ಇದು ಫೋಟೋದಲ್ಲಿ ಬರಲ್ಲ ಅಂತ ನೀವೇ ಹೇಳಿದ್ರಲ್ಲ. ನಾಳೆಯೇ ತೆಗೆದುಬಿಡಿ."

"ಅದು ಗಿರಾಕಿಗಳಿಗೆ ಹೇಳೂ ಮಾತ್ರಿ. ಇದು ನಮ್ಮಾಕಿದು." ಗಾಜನ್ನು ಬಿಸಿ ಮಾಡಿ ಬಿಡಿಸಿದ, ಹೊಸ ರಾಳ ಹಚ್ಚಿ ಕೂಡಿಸಿದ, ಮರದ ಎರಡು ತುಂಡುಗಳ ನಡುವೆ ಒತ್ತಿಟ್ಟ. "ಒಂದು ವಾರ ಆರಬೇಕು. ಬರೂ ಆದಿತ್ಯವಾರ ನೀವೂ ಬರ್ರಿ."

ಈ ಸಲ ನಾನು ಹೇಳಬೇಕಾದದ್ದನ್ನು ಹೇಳಿದ್ದೆ. ಆದರೆ ಗಟ್ಟಿಯಾಗಿ ಜಗಳವಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾಧುರಿಯ ಫೋನ್ ಬಂತು. ಹಿಂದಿನ ಸಂಜೆ ಚಹಾ ಕುಡಿಯುವಾಗ ಗಂಟಲಿಗೆ ಸಿಕ್ಕಿಕೊಂಡು, ಆಸ್ಪತ್ರೆ ಮುಟ್ಟುವ ಮೊದಲೇ ಚಂದ್ರವ್ವ ಹೋಗಿದ್ದಳು.

ಅವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ಹೋದಾಗ ಗ್ಯಾಲರಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಅದೇ ಇಳಕಲ್ ಸೀರೆ, ಮಡಿಲಲ್ಲಿ ಎರಡು ಕೈ. ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವುದೂ ಅವರಲ್ಲಿ ಇರುವ ಪದ್ಧತಿಯೇ. ಸೊಲ್ಲಾಪುರದಿಂದ ಬಂದ ಹಿರಿಯರೊಬ್ಬರು, "ಬಸವಂತಪ್ಪಾ, ಎಲ್ಲಾರ ಫೋಟೋ ತೆಗದಾಂವ ನೀ. ನಿನ್ನ ಹೆಂಡ್ತೀದು ನೀನ ತೆಗಿ," ಎಂದರು.

ಅವನು ಎದ್ದ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಮಾಧುರಿ ಕಣ್ಣೊರೆಸಿಕೊಂಡು ಪೆಟ್ಟಿಗೆ ತೆರೆದು, "ಬಾಬಾ, ಕುಠಲೀ ಲೆನ್ಸ್ ಕೊಡ್ಲಿ?" ಎಂದಳು.

"ಯಾವುದರ ಕೊಡವ್ವಾ. ಈಗ ಯಾವುದಾದ್ರೂ ನಡೀತೈತಿ."

ಅವಳು ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಅವನು ಅದನ್ನು ನೋಡಲೂ ಇಲ್ಲ, ತಿರುಗಿಸಿ ಕೂರಿಸಿ ಕರಿ ಬಟ್ಟೆಯೊಳಗೆ ಹೋದ. ಗ್ಯಾಲರಿಯಲ್ಲಿ ಮೂವತ್ತು ಜನ ನಿಂತಿದ್ದರು. ಹತ್ತು ಗಂಟೆಯ ಬೆಳಕಿತ್ತು. ಅವನು ಹೊರಗೆ ಬರಲೇ ಇಲ್ಲ. ಬಟ್ಟೆ ಮಾತ್ರ ಅಲುಗುತ್ತಿತ್ತು. ಕೊನೆಗೆ ನಾನೇ ಫಿಲ್ಮಿನ ಹಾಳೆಯಿದ್ದ ಚೌಕಟ್ಟನ್ನು ಹಿಡಿದು ಹತ್ತಿರ ಹೋಗಿ ಅವನ ಭುಜ ಮುಟ್ಟಿದೆ.

ಬಟ್ಟೆ ಸರಿಸಿ ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಬ್ಯಾಡ್ರಿ," ಎಂದ. "ತೆಗದು ಯಾರಿಗೆ ತೋರಸ್ಲಿ?"