ಅಕ್ಕನ ಗುಂಡಿಗಳು

ಆಫೀಸಿನಲ್ಲಿ ಅವನನ್ನು ಎಲ್ಲರೂ ಗುಂಡಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಮಣ್ಣಿನಲ್ಲಿ ಗುಂಡಿ ತೋಡುವವನೂ ಅಲ್ಲ, ಅಂಗಿಗೆ ಗುಂಡಿ ಹೊಲಿಯುವವನೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲೆ ‘ಮುಂದೆ’, ‘ಹಿಂದೆ’, ‘ಸರಿ’, ‘ಬೇಡ’ ಎಂದು ಬಟನ್ನುಗಳಿರುತ್ತವಲ್ಲ, ಅವುಗಳನ್ನು ಬಿಡಿಸುವುದು ಅವನ ಕಸುಬು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದ. “ಈತ ತೋಡಿದ ಗುಂಡಿಗೆ ಬೀಳದೋರು ಯಾರಿದ್ದಾರೆ ಹೇಳಿ” ಎಂದು ಬಾಸು ಹೊಸಬರಿಗೆ ಪರಿಚಯ ಮಾಡಿಸುವಾಗಲೆಲ್ಲ ಇದೊಂದೇ ಜೋಕು ಹೊಡೆಯುತ್ತಿದ್ದ. ಗುಂಡಿಯಣ್ಣ ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ.

ಅವನು ಬಿಡಿಸಿದ ಬಟನ್ನು ನೋಡಿದರೆ ಪ್ಲಾಸ್ಟಿಕ್ಕಿನದೇ ಅನ್ನಿಸುತ್ತಿತ್ತು. ಮೂಲೆ ದುಂಡಗಿರುವ ಒಂದು ಆಕಾರ ಎಳೆಯುತ್ತಿದ್ದ. ಬುಡದಲ್ಲಿ ಗಾಢ ಬಣ್ಣ, ಮೇಲಕ್ಕೆ ಹೋದಂತೆ ತಿಳಿ. ಮೇಲರ್ಧಕ್ಕೆ ಬಿಳಿಯದೊಂದು ತೆಳು ಪದರ ಹಾಸಿ ಅದನ್ನು ಸ್ವಲ್ಪ ಸ್ವಲ್ಪವೇ ಮಂಕು ಮಾಡುತ್ತ ಬರುತ್ತಿದ್ದ. ಅಷ್ಟು ಹೊತ್ತು ಬರೀ ಬಣ್ಣವಾಗಿ ಬಿದ್ದುಕೊಂಡಿದ್ದದ್ದು ಯಾವುದೋ ಒಂದು ಹಂತದಲ್ಲಿ ಥಟ್ಟನೆ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಅಂಚಿನೊಳಗೆ ಕೂದಲೆಳೆಯಷ್ಟು ಬೆಳ್ಳನೆ ಗೆರೆ, ಕೆಳಗೊಂದು ಮಸುಕು ನೆರಳು. ಈ ವಿದ್ಯೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯ ಕೆಂಪು ಮುಚ್ಚಳವೊಂದನ್ನು ಮೇಜಿನ ದೀಪದ ಕೆಳಗಿಟ್ಟು, ಬೆಳಕು ಎಲ್ಲಿ ಕೂರುತ್ತದೆ, ಎಲ್ಲಿ ಜಾರುತ್ತದೆ ಎಂದು ವಾರಗಟ್ಟಲೆ ನೋಡಿ ಕಲಿತಿದ್ದ.

ಆಮೇಲೆ ಕಾಲ ಬದಲಾಯಿತು. ಹೊಳಪು ಹಳತಾಯಿತು, ಎಲ್ಲವೂ ಚಪ್ಪಟೆಯಾಗಿರಬೇಕು ಎಂದು ಗಿರಾಕಿಗಳು ಹೇಳತೊಡಗಿದರು. ಗುಂಡಿಯಣ್ಣ ಅದಕ್ಕೂ ಹೂಂ ಅಂದ. ಒಂದು ಚೌಕ, ಒಂದು ಬಣ್ಣ, ಎರಡೇ ನಿಮಿಷದ ಕೆಲಸ. ಬೇಜಾರಾಯಿತಾದರೂ ಅದನ್ನು ಯಾರ ಹತ್ತಿರವೂ ಆಡಿ ತೋರಿಸುವ ಸ್ವಭಾವ ಅವನದಲ್ಲ. ಮನೆಯಲ್ಲಿ ಮಾತನಾಡುವ ಇಲಾಖೆ ಪೂರ್ತಿ ಅವನ ಅಕ್ಕನದಾಗಿತ್ತು.

ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಆರು. ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅವಳೇ, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವಳೂ ಅವಳೇ. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, “ಒಬ್ಬನ್ನ ಸಾಕಿಯಾಗಿದೆ, ಇನ್ನೊಬ್ಬನ್ನ ಸಾಕೋ ಶಕ್ತಿ ಇಲ್ಲ” ಅನ್ನುತ್ತಿದ್ದಳು. ರೈಲ್ವೆ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಇಪ್ಪತ್ತೆಂಟು ವರ್ಷ ಜನರಿಗೆ ಉತ್ತರ ಕೊಟ್ಟಳು. ಅರಳು ಹುರಿದಂಥ ಮಾತು. ನಿವೃತ್ತಿಯಾದ ಮೇಲೆ ಆ ಮಾತೆಲ್ಲ ಮನೆಗೆ ಬಂತು. ಹಾಲಿನವನು, ಮೇಲಿನ ಮನೆಯವರು, ತಪ್ಪು ನಂಬರಿಗೆ ಫೋನು ಮಾಡಿದವರು, ಯಾರೂ ಅವಳಿಂದ ಐದು ನಿಮಿಷಕ್ಕೆ ಮೊದಲು ಬಿಡಿಸಿಕೊಂಡು ಹೋದದ್ದಿಲ್ಲ. ಗುಂಡಿಯಣ್ಣನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ, “ನಿಮ್ಮಕ್ಕ ಉಸಿರು ಯಾವಾಗ ತಗೋತಾರೆ?” ಎಂದು ಗಂಡನನ್ನು ಕೇಳಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಸೇರಿ ಅವನನ್ನೇ ಆಡಿಕೊಳ್ಳುವ ಹಾಗಾಗಿದ್ದರು.

ಅದು ಒಂದು ಮಂಗಳವಾರದ ಬೆಳಗ್ಗೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನನ್ನ ಕನ್ನಡಕದ…” ಎಂದವಳು ಮುಂದಿನದನ್ನು ತಡಕಾಡಿದಳು. “ನನ್ನ ಬೀಗದ… ಚಮಚ… ಅದೇ… ಅದೇ…” ತಮಾಷೆ ಮಾಡುತ್ತಿದ್ದಾಳೆಂದುಕೊಂಡ ಹೆಂಡತಿ ನಕ್ಕಳು. ಅಕ್ಕನ ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಬಲಗಾಲು ಮಡಚಿಕೊಂಡು ಅವಳು ಬಾಗಿಲ ಚೌಕಟ್ಟಿಗೆ ಒರಗಿದಂತೆಯೇ ಕೆಳಗೆ ಜಾರಿದಳು. ನಕ್ಕದ್ದನ್ನು ನೆನೆಸಿಕೊಂಡು ಹೆಂಡತಿ ಎಷ್ಟೋ ದಿನ ಅತ್ತಳು.

ಆಸ್ಪತ್ರೆಯಲ್ಲಿ ಇಪ್ಪತ್ತು ದಿನವಿದ್ದು ಮನೆಗೆ ಬಂದಾಗ ಬಲಗೈ ಸತ್ತ ಹಾಗಿತ್ತು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು. ಬಾಯಲ್ಲಿ ಉಳಿದದ್ದು ಒಂದೇ ಮಾತು. ‘ಅದೇ.’ ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ರಾಗ ಮಾತ್ರ ಹಳೆಯದೇ ಇತ್ತು. ಬಯ್ಯುವಾಗ ಬಯ್ಯುವ ರಾಗ, ಕೇಳುವಾಗ ಕೇಳುವ ರಾಗ. ಕಣ್ಣು ಮುಚ್ಚಿಕೊಂಡು ಕೇಳಿದರೆ ಪಕ್ಕದ ಕೋಣೆಯಲ್ಲಿ ಯಾರೋ ಪೂರ್ತಿ ಸಂಸಾರದ ಕಥೆ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ವಾರಕ್ಕೆರಡು ಸಲ ಮನೆಗೆ ಬಂದು ಮಾತು ಕಲಿಸುವ ಥೆರಪಿ ಮೇಡಂ ಒಬ್ಬರು ಗೊತ್ತಾದರು. ಅವರು ಒಂದು ಟ್ಯಾಬ್ ತಂದರು. ಅದರಲ್ಲಿ ಚಿತ್ರವಿರುವ ಚೌಕಗಳು. ಲೋಟ, ಹಾಸಿಗೆ, ಫ್ಯಾನು. ಬೇಕಾದ್ದನ್ನು ಒತ್ತಿದರೆ ಟ್ಯಾಬ್ ಅದರ ಹೆಸರು ಹೇಳುತ್ತದೆ. ಅಕ್ಕ ಒತ್ತಲಿಲ್ಲ. ಎಡಗೈಯನ್ನು ಗಾಜಿನ ಮೇಲೆ ಆಚೆಯಿಂದ ಈಚೆಗೆ ಎಳೆದಳು, ಮೇಜು ಒರೆಸುವವಳ ಹಾಗೆ. ಮೂರು ವಾರ ಇದೇ ಆಯಿತು.

ಒಂದು ಭಾನುವಾರ ಪಕ್ಕದಲ್ಲಿ ಕೂತು ನೋಡುತ್ತಿದ್ದ ಗುಂಡಿಯಣ್ಣನಿಗೆ ಹೊಳೆಯಿತು. “ಇವು ಒತ್ತೋ ವಸ್ತು ಅಂತ ಅವಳಿಗೆ ಅನ್ನಿಸ್ತಾನೇ ಇಲ್ಲ ಕಣೇ” ಎಂದ ಹೆಂಡತಿಗೆ. “ಗೋಡೆಗೆ ಅಂಟಿಸಿದ ಚಿತ್ರದ ಹಾಗಿದೆ. ಗೋಡೆ ಚಿತ್ರವನ್ನ ಯಾರಾದರೂ ಒತ್ತುತಾರಾ?”

ಅಂದೇ ಕೂತು ನಾಲ್ಕು ಬಟನ್ನು ಮಾಡಿದ. ಎಷ್ಟೋ ವರ್ಷದ ಮೇಲೆ ಹೊಳೆಯುವ ಬಟನ್ನು ಮಾಡುತ್ತಿದ್ದ. ಆದರೂ ಕೈಗೆ ಎಲ್ಲ ನೆನಪಿತ್ತು. ನೀಲಿ, ಹಳದಿ, ಕೆಂಪು, ಹಸಿರು. ಬೆಳಕು ಮೇಲಿನಿಂದ, ನೆರಳು ಕೆಳಗೆ, ಒತ್ತಿದಾಗ ಒಳಗೆ ಕುಸಿದಂತೆ ಕಾಣಲು ಇನ್ನೊಂದು ಚಿತ್ರ. ದನಿ ಹೆಂಡತಿಯದು. ಅವಳು ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ‘ಫ್ಯಾನು ಹಾಕಿ’, ‘ತಿಂಡಿ ಕೊಡಿ’, ‘ನೋಯ್ತಿದೆ’, ‘ಮಲಗಬೇಕು’ ಎಂದು ಹೇಳಿ ಮುದ್ರಿಸಿಕೊಟ್ಟಳು.

ಅಕ್ಕ ಟ್ಯಾಬನ್ನು ನೋಡಿದಳು. ತಲೆ ಒಂದು ಕಡೆ ವಾಲಿಸಿ ಮತ್ತೆ ನೋಡಿದಳು. ತೋರುಬೆರಳು ನಿಧಾನವಾಗಿ ಹೋಗಿ ನೀಲಿ ಬಟನ್ನಿನ ಹೊಳಪಿನ ಮೇಲೆ ಕೂತಿತು.

“ಫ್ಯಾನು ಹಾಕಿ” ಎಂದಿತು ಟ್ಯಾಬು.

ಗುಂಡಿಯಣ್ಣ ಬಿದ್ದಂಬೀಳ ಓಡಿ ಫ್ಯಾನು ಹಾಕಿದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಕ್ಕ, “ಅದೇ!” ಎಂದು ನಕ್ಕಳು.

ಅಲ್ಲಿಂದ ಅವನಿಗೆ ಬೇರೆ ಲೋಕವೇ ಬೇಡವಾಯಿತು. ಆಫೀಸಿನಲ್ಲಿ ಊಟದ ಹೊತ್ತು, ಬಸ್ಸಿನಲ್ಲಿ ಬರುವ ಹೊತ್ತು ಎಲ್ಲ ಬಟನ್ನಿನ ಯೋಚನೆ. ನಾಲ್ಕು ಹನ್ನೆರಡಾಯಿತು, ಹನ್ನೆರಡು ನಲವತ್ತಾಯಿತು. ಬಚ್ಚಲು, ಕಂಬಳಿ, ಕನ್ನಡಕ, ಕಿಟಕಿ ತೆಗಿ, ಕಿಟಕಿ ಹಾಕು. ಮೇಲಿನ ಮನೆಯವರ ಹೆಸರಿಗೊಂದು. ‘ಸಾಕು ಬಾಯಿ ಮುಚ್ಚು’ ಎಂದೂ ಒಂದು, ಅದು ಅಕ್ಕನ ಮೆಚ್ಚಿನ ಮಾತಾಗಿತ್ತು. ಹೆಂಡತಿಯ ಗಂಟಲು ಕಟ್ಟಿತು. “ರೀ, ನಿಮ್ಮಕ್ಕನ ಮಾತಷ್ಟನ್ನೂ ನಾನು ಆಡಿ ಮುಗಿಸೋಕಾಗತ್ತಾ? ಅವರಿಗೇ ಅರವತ್ತು ವರ್ಷ ಬೇಕಾಯ್ತು” ಎಂದಳು. ಹಾಗೆಂದರೂ ಬಿಸಿನೀರು ಕುಡಿದು ಬಂದು ಮತ್ತೆ ಹೇಳಿದಳು.

ಅಕ್ಕ ಒತ್ತುತ್ತಿದ್ದಳು, ಇಡೀ ದಿನ ಒತ್ತುತ್ತಿದ್ದಳು. ಕಂಬಳಿ ಕೇಳಿದಳೆಂದು ಹೊದಿಸಿದರೆ ಕಾಲಿನಿಂದ ತಳ್ಳುತ್ತಿದ್ದಳು. ಕಿಟಕಿ ತೆಗಿ, ಕಿಟಕಿ ಹಾಕು, ಕಿಟಕಿ ತೆಗಿ. ಹೆಂಡತಿ ಒಂದು ದಿನ ಕಿಟಕಿಯ ಚಿಲಕದ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಳು.

ಥೆರಪಿ ಮೇಡಂ ಒಂದು ಬುಧವಾರ ಪರೀಕ್ಷೆ ಮಾಡಿದರು. “ಅಮ್ಮಾ, ಕನ್ನಡಕ ಎಲ್ಲಿದೆ ತೋರಿಸಿ.” ಅಕ್ಕ ಬಚ್ಚಲನ್ನು ಒತ್ತಿದಳು. “ಕಂಬಳಿ?” ಮೇಲಿನ ಮನೆಯವರನ್ನು ಒತ್ತಿದಳು. ಹತ್ತು ಕೇಳಿದ್ದಕ್ಕೆ ಎರಡು ಸರಿಯಾಯಿತು. ಹೊರಡುವಾಗ ಮೇಡಂ ಮೆಟ್ಟಿಲ ಹತ್ತಿರ ನಿಂತು ಮೆತ್ತಗೆ ಹೇಳಿದರು. “ನೀವು ಬೇಜಾರು ಮಾಡ್ಕೋಬೇಡಿ ಸರ್. ಅವರಿಗೆ ಬಟನ್ ಇಷ್ಟವಾಗಿದೆ. ಹೊಳೆಯುತ್ತೆ, ಒತ್ತುತಾರೆ. ಅದರ ಅರ್ಥ ಅವರಿಗೆ ಮುಟ್ಟುತಾ ಇದೆಯೋ ಇಲ್ಲವೋ ನನಗೆ ಗ್ಯಾರಂಟಿ ಇಲ್ಲ.”

“ಫ್ಯಾನು ಕೇಳಿದಳಲ್ಲ ಮೇಡಂ, ಮೊದಲನೇ ದಿನವೇ?”

“ಅವತ್ತು ಸೆಕೆ ಇತ್ತಾ?”

ಗುಂಡಿಯಣ್ಣ ನೆನಪು ಮಾಡಿಕೊಂಡ. ಇರಲಿಲ್ಲ. ಸ್ವೆಟರು ಹಾಕಿಕೊಂಡಿದ್ದಳು.

ಅವನು ಮಾಡಿದ್ದ ಬಟನ್ನುಗಳನ್ನು ಅಳಿಸಲೂ ಇಲ್ಲ, ಹೊಸದು ಮಾಡಲು ಕೈಯೂ ಏಳಲಿಲ್ಲ. ಜನರ ಬೆರಳು ತಾನಾಗಿ ಹೋಗಿ ಒತ್ತಬೇಕು, ಯೋಚನೆ ಮಾಡಿ ಒತ್ತಬಾರದು, ಅದೇ ಒಳ್ಳೇ ಬಟನ್ನು ಎಂದು ಇಷ್ಟು ವರ್ಷ ನಂಬಿದ್ದವನು ಅವನು.

ಅದಾಗಿ ಹತ್ತು ಹದಿನೈದು ದಿನಕ್ಕೆ, ಒಂದು ಶನಿವಾರ ಮಧ್ಯಾಹ್ನ, ಊಟವಾದ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಚಡಪಡಿಸತೊಡಗಿದಳು. ಟ್ಯಾಬನ್ನು ತೊಡೆಯ ಮೇಲೆ ಎಳೆದುಕೊಂಡು ಮೊದಲನೆಯ ಸಾಲಿನಿಂದ ಹಿಡಿದು ಒಂದೊಂದಾಗಿ ಒತ್ತುತ್ತ ಹೋದಳು. ಪ್ರತಿಯೊಂದರ ದನಿ ಕೇಳಿ ತಲೆ ಅಲ್ಲಾಡಿಸುತ್ತಿದ್ದಳು. ನಲವತ್ತೂ ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಕೊನೆಗೆ ಟ್ಯಾಬನ್ನು ದೂಡಿ ಅವನ ಅಂಗಿಯ ತೋಳು ಹಿಡಿದಳು. “ಅದೇ. ಅದೇ ಅದೇ. ಅದೇ!”

“ಏನಕ್ಕಾ? ನೋವಾ? ಯಾರನ್ನಾದರೂ ನೋಡಬೇಕಾ? ಏನಾದರೂ ಕಳೆದುಹೋಗಿದೆಯಾ?”

“ಅದೇ!” ಎಂದು ಅವಳು ಅವನ ತೋಳನ್ನು ಜಗ್ಗಿದಳು. ಅವಳ ಕಣ್ಣು ತುಂಬಿಬಂದಿತ್ತು. ಅವನು ಎದ್ದು ಮನೆಯಲ್ಲಿದ್ದದ್ದನ್ನೆಲ್ಲ ತರತೊಡಗಿದ. ಬಾಚಣಿಗೆ, ಕೈಗಡಿಯಾರ, ಅವಳ ಹಳೆಯ ಚೀಲ, ಅಮ್ಮನ ಫೋಟೋ, ಪಿಂಚಣಿ ಕಾಗದ, ಸೂಜಿಡಬ್ಬಿ, ಛತ್ರಿ. ಒಂದೊಂದನ್ನೂ ಎತ್ತಿ ತೋರಿಸಿ, “ಇದಾ?” ಎಂದು ಕೇಳಿ ಹಾಸಿಗೆಯ ಮೇಲೆ ಹಾಕಿದ. ಹೆಂಡತಿ ಅಡುಗೆಮನೆಯಿಂದ ತರತೊಡಗಿದಳು. ಚಾಕು, ತುರಿಯುವ ಮಣೆ, ಸಕ್ಕರೆ ಡಬ್ಬಿ. ಹಾಸಿಗೆಯ ಮೇಲೆ ಗುಡ್ಡವಾಯಿತು. ಅವನು ಕೊನೆಗೆ ಬಾಗಿಲ ಹಿಂದಿನ ಪೊರಕೆಯನ್ನೂ ಹೊತ್ತು ತಂದು, “ಇದಾ ಅಕ್ಕಾ?” ಎಂದಾಗ ಅಕ್ಕ ಪೊರಕೆಯನ್ನು ನೋಡಿದಳು, ಅವನ ಮುಖ ನೋಡಿದಳು, ಗುಡ್ಡ ನೋಡಿದಳು. ಗೊಳ್ಳನೆ ನಕ್ಕಳು. ಮೂವರೂ ನಕ್ಕರು. ನಗುತ್ತ ನಗುತ್ತ ಅಕ್ಕನ ಅರ್ಧ ಮುಖ ಸೊಟ್ಟಗಾಗಿ, ಆ ನಗು ಎಲ್ಲಿ ಅಳುವಾಯಿತೋ ತಿಳಿಯಲಿಲ್ಲ.

ಭಾನುವಾರವೂ ಹಾಗೇ ಹೋಯಿತು. ಸೋಮವಾರ ಅವನು ರಜ ಹಾಕಿದ. ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಹೆಂಡತಿಯೇ ಆಗ ಒಂದು ಮಾತು ಹೇಳಿದಳು. “ರೀ, ನಾವು ಎಲ್ಲದಕ್ಕೂ ಬಟನ್ ಮಾಡಿದ್ವಿ. ‘ಇದ್ಯಾವುದೂ ಅಲ್ಲ’ ಅಂತ ಹೇಳೋಕೆ ಅವರಿಗೆ ಒಂದೂ ಇಲ್ಲವಲ್ಲ.”

ಗುಂಡಿಯಣ್ಣ ಅದನ್ನು ಮಾಡಿದ. ಬಿಳಿ ಬಣ್ಣ ತಗೊಂಡ, ಬೇರೆ ಯಾವುದಕ್ಕೂ ಬಳಸದ ಬಣ್ಣ. ಬಿಳಿಗೆ ಹೊಳಪು ಕೊಡುವುದು ಕಷ್ಟ, ಬೆಳಕು ಕೂರಲು ಜಾಗವೇ ಇರುವುದಿಲ್ಲ. ಎರಡು ಗಂಟೆ ಹಿಡಿಯಿತು. ಹೆಂಡತಿ ದನಿ ಕೊಟ್ಟಳು.

ಅಕ್ಕನಿಗೆ ತೋರಿಸಿ, ಅವನೇ ಒಮ್ಮೆ ಒತ್ತಿದ. “ಇದ್ಯಾವುದೂ ಅಲ್ಲ” ಎಂದಿತು ಟ್ಯಾಬು. ಅಕ್ಕ ಟ್ಯಾಬನ್ನೇ ದಿಟ್ಟಿಸಿದಳು. ಅವನ ಬೆರಳನ್ನು ಸರಿಸಿ ತಾನು ಒತ್ತಿದಳು. ಅವನ ಕಣ್ಣಲ್ಲಿ ಕಣ್ಣಿಟ್ಟು ಮತ್ತೊಮ್ಮೆ ಒತ್ತಿದಳು. ಕಂಬಳಿಯನ್ನು ತೋರಿಸಿದರೆ ಬಿಳಿ. ಅಮ್ಮನ ಫೋಟೋ ತೋರಿಸಿದರೆ ಬಿಳಿ. ಕನ್ನಡಕ ತೋರಿಸಿದಾಗ ಕೈ ಚಾಚಿ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು, ಆಮೇಲೆ ಬಿಳಿ ಒತ್ತಿದಳು.

ಮುಂದಿನ ಸಲ ಬಂದಾಗ ಇದನ್ನು ನೋಡಿದ ಥೆರಪಿ ಮೇಡಂಗೆ ಖುಷಿಯೋ ಖುಷಿ. “ನನ್ನ ಲೆಕ್ಕ ತಪ್ಪಾಯ್ತು ಸರ್. ಬೇಕಾದ್ದು ಅದರಲ್ಲಿ ಇಲ್ಲ ಅಂತ ಹೇಳೋಕೆ ದಾರಿ ಇಲ್ಲದೆ ಸಿಕ್ಕಿದ್ದನ್ನ ಒತ್ತುತಿದ್ರು ಅನ್ಸುತ್ತೆ. ಅವರಿಗೆ ಎಲ್ಲ ಗೊತ್ತಾಗ್ತಿದೆ. ಇದು ಒಳ್ಳೇ ಸುದ್ದಿ!”

“ಹೌದು ಮೇಡಂ” ಎಂದ ಗುಂಡಿಯಣ್ಣ. ಅವರನ್ನು ಮೆಟ್ಟಿಲ ತನಕ ಬಿಟ್ಟು ಬಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತ. ಅರ್ಥವಾಗದೆ ಒತ್ತುತ್ತಿದ್ದಾಳೆ ಎಂದುಕೊಂಡಿದ್ದಾಗಲೇ ಇದಕ್ಕಿಂತ ಎಷ್ಟೋ ವಾಸಿ ಇತ್ತು. ಈಗ ಅವಳು ಪೂರ್ತಿ ಒಳಗೇ ಇದ್ದಾಳೆ ಎಂದು ಗೊತ್ತಾಗಿತ್ತು. ಹೊರಗೆ ನಿಂತವನಿಗೆ ಬಾಗಿಲು ಯಾವ ಕಡೆಗಿದೆ ಎನ್ನುವುದು ತಿಳಿಯುತ್ತಿರಲಿಲ್ಲ.

ಆ ಶನಿವಾರ ಅವಳಿಗೆ ಬೇಕಾಗಿದ್ದದ್ದು ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಚಡಪಡಿಕೆ ತಾನಾಗಿಯೇ ಕಡಿಮೆಯಾಯಿತು. ಬೇಕಾದ್ದನ್ನು ಮರೆತಳೋ, ಕೇಳುವುದನ್ನು ಬಿಟ್ಟಳೋ, ಮೇಡಂ ಕೂಡ ಹೇಳಲಾರರು. ಎಂಟು ತಿಂಗಳಾಯಿತು. ಅಕ್ಕ ಉಣ್ಣುತ್ತಾಳೆ, ಕೋಲು ಹಿಡಿದು ಕಿಟಕಿಯ ತನಕ ಹೋಗಿ ಬರುತ್ತಾಳೆ. ಫ್ಯಾನು, ತಿಂಡಿ, ಕಂಬಳಿ ಎಲ್ಲ ಸರಿಯಾಗಿಯೇ ಕೇಳುತ್ತಾಳೆ. ಅದೆಲ್ಲ ಸಿಕ್ಕ ಮೇಲೆ ಬಿಳಿ ಒತ್ತುತ್ತಾಳೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವ ಹೆಂಡತಿಗೆ ಹೊರಗಿನಿಂದ ತನ್ನದೇ ದನಿ ಕೇಳಿಸುತ್ತದೆ. ‘ಇದ್ಯಾವುದೂ ಅಲ್ಲ.’ ಆ ಬಟನ್ನನ್ನು ತೆಗೆದುಬಿಡೋಣವೆಂದು ಒಂದು ಸಲ ಅವಳೇ ಅಂದಳು. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು.

ಸಂಜೆ ಆಫೀಸಿನಿಂದ ಬಂದು ಮುಖ ತೊಳೆದು ಗುಂಡಿಯಣ್ಣ ಅಕ್ಕನ ಎದುರು ಸ್ಟೂಲು ಎಳೆದುಕೊಂಡು ಕೂರುತ್ತಾನೆ. ಕೈಯಲ್ಲೊಂದು ನೋಟುಬುಕ್ಕು. ಕೇಳಿದ್ದನ್ನೇ ಕೇಳಿ ಅವಳನ್ನು ದಣಿಸಬಾರದೆಂದು ಕೇಳಿಯಾದದ್ದನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದಾನೆ. ‘ಬೇಕಾದ್ದು ಇದಾ’ ಎಂದು ದಿನಕ್ಕೆ ಹತ್ತು ಮಾತು. ಹೋದ ವಾರ ಹತ್ತೂ ಮುಗಿದ ಮೇಲೆ, ಬರೆದುಕೊಳ್ಳದೇ ಇದ್ದದ್ದೊಂದು ಅವನ ಬಾಯಿಂದ ಬಂತು.

“ಅಕ್ಕಾ, ನಾನೇನಾದರೂ ತಪ್ಪು ಮಾಡಿದೀನಾ?”

ಅಕ್ಕ ಬಿಳಿ ಒತ್ತಿದಳು. ಆಮೇಲೆ ಎಡಗೈ ಎತ್ತಿ ಅವನ ಕಿವಿಯನ್ನು ಹಿಡಿದು, ಹಿಂಡದೆ, ಸುಮ್ಮನೆ ಹಿಡಿದುಕೊಂಡಿದ್ದಳು. ಅದು ಅವನ ಪ್ರಶ್ನೆಗೆ ಕೊಟ್ಟ ಉತ್ತರವೋ, ಅಥವಾ ಅವಳು ಇನ್ನೂ ಹುಡುಕುತ್ತಿದ್ದ ಬೇರೆ ಯಾವುದಕ್ಕೋ ಎಂದು ಅವನಿಗೆ ತಿಳಿಯಲಿಲ್ಲ. ಅವಳು ಕೈ ಬಿಡುವ ತನಕ ಕದಲದೆ ಕೂತಿದ್ದು, ಆಮೇಲೆ ನೋಟುಬುಕ್ಕು ತೆಗೆದು ಆ ಪ್ರಶ್ನೆಯನ್ನೂ ಬರೆದುಕೊಂಡ.